ಅರವತ್ತು ನಲವತ್ತರ ನಡುವೆ ನಾವು



ಹಾಸ್ಟೆಲಿನಲ್ಲಿ ಬೆಳಗೆದ್ದು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು ತಿಂಡಿ ಆಯ್ತಾ ಅಂತಲ್ಲ. 'ಬಂತೇನೋ?' ಅಂತ. ಏನು ಬಂತು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸ್ಕಾಲರ್‌ಶಿಪ್ಪು. ಒಬ್ಬನಿಗೆ ಅರ್ಧ ಬಂದಿರುತ್ತದೆ. ಒಬ್ಬಳಿಗೆ ಹೋದ ವರ್ಷದ್ದು ಈ ವರ್ಷ ಬಂದಿರುತ್ತದೆ. ಇನ್ನೊಬ್ಬನದು ಅರ್ಜಿಯಲ್ಲಿ ಬರೆದ ಖಾತೆ ಬೇರೆ, ಆಧಾರ್ ಜೋಡಿಸಿದ ಖಾತೆ ಬೇರೆ ಅನ್ನೋ ಕಾರಣಕ್ಕೆ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ. ಕಾಲೇಜಿನ ಫೀಸು ಕೌಂಟರಿನಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಅಲ್ಲಿ ತಾರೀಖು ಖಚಿತ, ಮೊತ್ತ ಖಚಿತ, ದಂಡವೂ ಖಚಿತ.

'ಸಾರ್, ಸ್ಕಾಲರ್‌ಶಿಪ್ ಬಂದ ತಕ್ಷಣ ಕಟ್ತೀನಿ.'

'ನಿಂದು ಬರೋದು ಯಾವಾಗಪ್ಪ, ನಾವು ಹಾಲ್‌ಟಿಕೆಟ್ ಕೊಡೋದು ಯಾವಾಗ?'

ತಾಲ್ಲೂಕು ಕಚೇರಿಗೆ ಹೋಗಿ ಕೇಳಿದರೆ ಬೆಂಗಳೂರಿಂದ ಬಿಲ್ ಆಗಿಲ್ಲ ಅಂತಾರೆ. ಬೆಂಗಳೂರಿನಲ್ಲಿ ಕೇಳಿದರೆ ದಿಲ್ಲಿ ಪಾಲು ಬಂದಿಲ್ಲ ಅಂತಾರೆ. ದಿಲ್ಲಿಯನ್ನು ಕೇಳೋಕೆ ನಮ್ಮ ಹುಡುಗರು ರೈಲು ಹತ್ತೋಕಾಗಲ್ಲ. ಕೇಳಿದರೂ ಅಲ್ಲಿಂದ ಬರುವ ಉತ್ತರ ಒಂದೇ: ರಾಜ್ಯ ಮೊದಲು ತನ್ನ ಪಾಲು ಹಾಕಲಿ, ಆಮೇಲೆ ನಮ್ಮದು. ಈ ಸುತ್ತಾಟದಲ್ಲಿ ಹುಡುಗ ಸೋತು, ಊರಿಗೆ ಹೋಗಿ ಗಾರೆ ಕೆಲಸಕ್ಕೆ ಸೇರಿಕೊಂಡರೆ, ಹಾಜರಿ ಪುಸ್ತಕದಲ್ಲಿ 'ಅರ್ಧಕ್ಕೆ ಬಿಟ್ಟವನು' ಎಂದು ಬರೆಯುತ್ತಾರೆ. ಬಿಡಿಸಿದವರು ಯಾರು ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವಿಲ್ಲ.

ಆದ್ದರಿಂದ ಈ ಸಲ ಈ ದುಡ್ಡಿನ ಹುಟ್ಟು, ಬೆಳವಣಿಗೆ, ಅದು ನಡುದಾರಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ನೋಡೋಣ. ಲೆಕ್ಕ ಸ್ವಲ್ಪ ಇದೆ. ಓದಿ. ನಮ್ಮಪ್ಪಂದಿರು ಲೆಕ್ಕ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡರು. ನಾವು ಕೂಡ ಗೊತ್ತಿಲ್ಲದ ಲೆಕ್ಕಕ್ಕೆ ಬೆರಳು ಒತ್ತುವುದು ಬೇಡ. ಈಗಲೂ ಬಯೋಮೆಟ್ರಿಕ್ ಅಂತ ಬೆರಳನ್ನೇ ಕೇಳುತ್ತಿದ್ದಾರೆ.

1927ರ ಮಾರ್ಚ್. ಮಹಾಡ್ ಕೆರೆಯ ನೀರನ್ನು ನಮ್ಮ ಜನ ಮುಟ್ಟಿದ ತಿಂಗಳು. ಅದೇ ತಿಂಗಳು, ಅದಕ್ಕೆ ಕೆಲವೇ ದಿನ ಮುಂಚೆ, ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಎದ್ದು ನಿಂತು ಶಿಕ್ಷಣದ ಖರ್ಚಿನ ಮೇಲೆ ಮಾತಾಡಿದರು. ಕೆರೆಯ ಕಥೆ ಎಲ್ಲರಿಗೂ ಗೊತ್ತು, ಸಭೆಯ ಭಾಷಣ ಓದಿದವರು ಕಡಿಮೆ. ಅವರು ಹಾಕಿದ ಲೆಕ್ಕ ಸರಳವಾದದ್ದು. ಸರ್ಕಾರ ತಲೆಗೆ 14 ಆಣೆ ಶಿಕ್ಷಣಕ್ಕೆ ಖರ್ಚು ಮಾಡುತ್ತಿದೆ, ಅದೇ ತಲೆಯಿಂದ ಹೆಂಡದ ಅಬಕಾರಿಯಲ್ಲಿ ಎರಡು ರೂಪಾಯಿಗೂ ಮೇಲೆ ಕಿತ್ತುಕೊಳ್ಳುತ್ತಿದೆ. ಜನರಿಂದ ಕಿತ್ತಷ್ಟನ್ನಾದರೂ ಅವರ ಮಕ್ಕಳ ಓದಿಗೆ ಹಾಕಬೇಡವೇ ಎಂದು ಕೇಳಿದರು. ಶಿಕ್ಷಣವನ್ನು ಲಾಭನಷ್ಟದ ಅಂಗಡಿ ಮಾಡಬೇಡಿ, ಕೆಳಗಿನವರಿಗೆ ಆದಷ್ಟೂ ಅಗ್ಗವಾಗಿ ಸಿಗಲಿ ಎಂದರು.

1942ರಲ್ಲಿ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾದರು. ಅಧಿಕಾರ ಸಿಕ್ಕಿದ ಕೆಲವೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಮನವಿ ಬರೆದು ಸರ್ಕಾರದ ಮುಂದಿಟ್ಟರು. ಅಲೀಘಡದ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ ಮೂರು ಲಕ್ಷ ಕೊಡುತ್ತೀರಿ, ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಮೂರು ಲಕ್ಷ ಕೊಡುತ್ತೀರಿ, ನಮ್ಮ ಮಕ್ಕಳಿಗೆ ಎಷ್ಟು? ಇದು ಅವರ ಪ್ರಶ್ನೆ. ವಿಜ್ಞಾನ, ತಂತ್ರಶಾಸ್ತ್ರ ಓದುವವರಿಗೆ ವೇತನ ಕೊಡಿ, ಹೊರದೇಶಕ್ಕೂ ಕಳಿಸಿ ಎಂದು ಕೇಳಿದರು. 1944ರಲ್ಲಿ ಕೇಂದ್ರದ ಸ್ಕಾಲರ್‌ಶಿಪ್ಪು ಶುರುವಾಯಿತು. ಇವತ್ತು ನಮ್ಮ ಮೊಬೈಲಿಗೆ ಮೆಸೇಜಾಗಿ ಬರುವ, ಅಥವಾ ಬಾರದೆ ಇರುವ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ತಾಯಿಬೇರು ಅದೇ. ಸ್ವಾತಂತ್ರ್ಯಕ್ಕಿಂತ ಮೂರು ವರ್ಷ ದೊಡ್ಡದು, ಸಂವಿಧಾನಕ್ಕಿಂತ ಆರು ವರ್ಷ ದೊಡ್ಡದು. ಯಾವ ಪಕ್ಷದ ಯಾವ ಪುಢಾರಿಯೂ ತನ್ನ ಮನೆ ಕಣಜದಿಂದ ಅಳೆದು ಹಾಕಿದ್ದಲ್ಲ. ಕೌಂಟರಿನ ಮುಂದೆ ನಿಂತಾಗ ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಇನ್ನು ಈ ದುಡ್ಡು ಎಲ್ಲಿ ನಿಂತಿತು ಅನ್ನೋ ಕಥೆ. ಯೋಜನೆ ಕೇಂದ್ರದ್ದು, ಹಂಚುವ ಕೆಲಸ ರಾಜ್ಯದ್ದು. ಕೇಂದ್ರ ನೂರಕ್ಕೆ ನೂರು ಕೊಡುತ್ತದೆ ಎಂದು ಕಾಗದದ ಮೇಲೆ ಬಹಳ ಕಾಲ ಇತ್ತು. ಆದರೆ ಅದರ ಹೊಟ್ಟೆಯೊಳಗೆ ಒಂದು ಷರತ್ತು. 'ಕಮಿಟೆಡ್ ಲಯಬಿಲಿಟಿ' ಎಂದು ಅದರ ಹೆಸರು, ಅಂದರೆ ರಾಜ್ಯ ಹೊತ್ತುಕೊಳ್ಳಲೇಬೇಕಾದ ಹೊರೆ. ಪಂಚವಾರ್ಷಿಕ ಯೋಜನೆಯ ಕೊನೆಯ ವರ್ಷದಲ್ಲಿ ಎಷ್ಟು ಖರ್ಚಾಯಿತೋ ಅಷ್ಟನ್ನು ಮುಂದೆ ಪ್ರತಿವರ್ಷ ರಾಜ್ಯವೇ ಹಾಕಬೇಕು, ಅದಕ್ಕಿಂತ ಮೇಲೆ ಏರಿದ್ದು ಮಾತ್ರ ಕೇಂದ್ರದ್ದು.

ಉದಾಹರಣೆಗೆ ಒಂದು ರಾಜ್ಯದಲ್ಲಿ ಕೊನೆಯ ವರ್ಷ ನೂರು ಕೋಟಿ ಖರ್ಚಾಯಿತು ಅಂತಿಟ್ಟುಕೊಳ್ಳಿ. ಮುಂದಿನ ವರ್ಷ ಖರ್ಚು ನೂರಾ ಹತ್ತು ಕೋಟಿ ಆದರೆ, ನೂರು ಕೋಟಿ ರಾಜ್ಯದ್ದು, ಹತ್ತು ಕೋಟಿ ದಿಲ್ಲಿಯದು. ಬೋರ್ಡಿನ ಮೇಲೆ ಹೆಸರು ಮಾತ್ರ ದಿಲ್ಲಿಯದೇ. ಅಣ್ಣ ಮದುವೆ ಚಪ್ಪರಕ್ಕೆ ಎರಡು ಬಾಳೆಕಂದು ತಂದು ನೆಟ್ಟು, ಮದುವೆ ಮಾಡಿದವನು ನಾನು ಅಂತ ಊರೆಲ್ಲ ಹೇಳಿಕೊಂಡು ಬಂದ ಹಾಗೆ.

ಹನ್ನೆರಡನೇ ಯೋಜನೆ 2017ಕ್ಕೆ ಮುಗಿಯಿತು. ಅಷ್ಟರಲ್ಲಿ ನಮ್ಮ ಹುಡುಗ ಹುಡುಗಿಯರು ಮೊದಲಿಗಿಂತ ಹೆಚ್ಚಾಗಿ ಕಾಲೇಜು ಮೆಟ್ಟಿಲು ಹತ್ತಿದ್ದರು, ಖರ್ಚು ಬೆಳೆದಿತ್ತು. ಆ ಬೆಳೆದ ಖರ್ಚೆಲ್ಲ ಒಂದೇ ಏಟಿಗೆ ರಾಜ್ಯಗಳ ತಲೆಗೆ ಬಿತ್ತು. 2017-18ರಿಂದ 2019-20ರವರೆಗೆ ಇಡೀ ದೇಶಕ್ಕೆ ಕೇಂದ್ರದ ನೆರವು ವರ್ಷಕ್ಕೆ ಸುಮಾರು 1,100 ಕೋಟಿ ರೂಪಾಯಿಗೆ ಇಳಿದು ಕೂತಿತು. ಪಂಜಾಬಿನಲ್ಲಂತೂ ಕೇಂದ್ರ ಕೊಡಲಿಲ್ಲ ಎಂದು ರಾಜ್ಯ, ರಾಜ್ಯ ಕೊಡಲಿಲ್ಲ ಎಂದು ಖಾಸಗಿ ಕಾಲೇಜು; ಕೊನೆಗೆ ದಲಿತ ಮಕ್ಕಳ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟು ಬೀರುವಿನೊಳಗೆ ಒತ್ತೆ ಬಿದ್ದವು. ಹಿಂದೆ ಗೌಡನ ಮನೆಯಲ್ಲಿ ಜೀತಕ್ಕೆ ಮಗನನ್ನು ಒತ್ತೆ ಇಡುತ್ತಿದ್ದರು. ಈಗ ಮಗನ ಡಿಗ್ರಿಯನ್ನು ಒತ್ತೆ ಇಟ್ಟುಕೊಂಡರು.

ದೇಶದ ನಾನಾ ಕಡೆ ಕೂಗೆದ್ದ ಮೇಲೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಹಳೆ ಷರತ್ತನ್ನು ಕೈಬಿಟ್ಟಿತು. ಇನ್ನು ಮೇಲೆ ಕೇಂದ್ರದ್ದು 60, ರಾಜ್ಯದ್ದು 40. ಐದು ವರ್ಷಕ್ಕೆ ಒಟ್ಟು 59,048 ಕೋಟಿ, ಅದರಲ್ಲಿ ಕೇಂದ್ರದ ಪಾಲು 35,534 ಕೋಟಿ, ನಾಲ್ಕು ಕೋಟಿ ವಿದ್ಯಾರ್ಥಿಗಳಿಗೆ ಎಂದು ಘೋಷಿಸಿದರು. ಹತ್ತನೇ ತರಗತಿ ಆದಮೇಲೆ ಓದು ನಿಲ್ಲಿಸಿದ 1 ಕೋಟಿ 36 ಲಕ್ಷ ಕಡುಬಡ ಮಕ್ಕಳನ್ನು ಮತ್ತೆ ಓದಿಗೆ ತರುತ್ತೇವೆ ಎಂದೂ ಹೇಳಿದರು. ಒಳ್ಳೆಯದನ್ನು ಒಳ್ಳೆಯದು ಎನ್ನಬೇಕು. ಹಿಂದಿನದಕ್ಕಿಂತ ಇದು ಮೇಲು. ಆದರೆ ಆ ಒಂದು ಕೋಟಿ ಮೂವತ್ತಾರು ಲಕ್ಷ ಅನ್ನೋ ಸಂಖ್ಯೆಯನ್ನು ಇನ್ನೊಂದು ಸಲ ಓದಿ. ನಮ್ಮ ಮಕ್ಕಳು ಎಷ್ಟು ಜನ ಹೊರಗೇ ನಿಂತಿದ್ದಾರೆ ಎಂದು ನಾವು ಹೇಳಿದರೆ ಅದನ್ನು ಭಾಷಣ ಎನ್ನುತ್ತಾರೆ. ಇದು ಅವರೇ ಬರೆದುಕೊಟ್ಟ ಒಪ್ಪಿಗೆ ಪತ್ರ.

ಐದು ವರ್ಷದ 59,048 ಕೋಟಿಯನ್ನು ನಾಲ್ಕು ಕೋಟಿ ತಲೆಗೆ ಭಾಗಿಸಿ. ತಲೆಗೆ 15 ಸಾವಿರವೂ ಬೀಳುವುದಿಲ್ಲ. ಇನ್ನೂ ಹತ್ತಿರದ ಲೆಕ್ಕ ಬೇಕಾ? ಫೀಸು ಬಿಟ್ಟು ಕೈಗೆ ಕೊಡುವ ಭತ್ಯೆ ನೋಡಿ. ಪಿಯುಸಿ ಓದುವ ಹಾಸ್ಟೆಲ್ ವಿದ್ಯಾರ್ಥಿಗೆ 2010ರ ದರ ತಿಂಗಳಿಗೆ 380 ರೂಪಾಯಿ. 2021ರ ಹೊಸ ದರ ವರ್ಷಕ್ಕೆ 4,000. ಹಳೆಯದನ್ನು ಹತ್ತು ತಿಂಗಳಿಗೆ ಲೆಕ್ಕ ಹಿಡಿದರೆ 3,800 ಆಗುತ್ತದೆ. ಹನ್ನೊಂದು ವರ್ಷಕ್ಕೆ ಇನ್ನೂರು ರೂಪಾಯಿ ಏರಿಕೆ! ನಾಲ್ಕು ಸಾವಿರವನ್ನು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ 11 ರೂಪಾಯಿ. ಮನೆಯಿಂದ ಓಡಾಡಿ ಓದುವವರಿಗೆ ವರ್ಷಕ್ಕೆ 2,500, ದಿನಕ್ಕೆ 7 ರೂಪಾಯಿಯೂ ಪೂರ್ತಿ ಇಲ್ಲ. ಕಾಲೇಜ್ ಗೇಟಿನ ಟೀ ಅಂಗಡಿಯಲ್ಲಿ ವಿಚಾರಿಸಿ, ಏನು ಸಿಗುತ್ತೆ ಅಂತ.

ಇದನ್ನಾದರೂ ಪಡೆಯಬೇಕಾದರೆ ಅಪ್ಪ ಅವ್ವನ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ದಾಟಬಾರದು. 2013ರಲ್ಲಿ ಗೊತ್ತು ಮಾಡಿದ ಮಿತಿಯನ್ನೇ 2021ರ ನಿಯಮದಲ್ಲೂ ಉಳಿಸಿದರು. 2019ರಲ್ಲಿ ಇದೇ ಸರ್ಕಾರ ಮೇಲ್ಜಾತಿಗಳ ಬಡವರಿಗೆ ಶೇಕಡ 10 ಮೀಸಲಾತಿ ತಂದಾಗ ಬಡತನದ ಗೆರೆಯನ್ನು ಎಂಟು ಲಕ್ಷಕ್ಕೆ ಎಳೆಯಿತು. ಏಳು ಲಕ್ಷ ತೊಂಬತ್ತು ಸಾವಿರ ಸಂಪಾದಿಸುವ ಒಬ್ಬ ಬಡವ. ಪೌರಕಾರ್ಮಿಕನ ಕೆಲಸ ಖಾಯಂ ಆಗಿ ಸಂಬಳ ಎರಡೂವರೆ ಲಕ್ಷ ಮೀರಿದರೆ ಅವನ ಮಗಳು ಶ್ರೀಮಂತೆ. ಒಂದೇ ದೇಶ, ಒಂದೇ ರೂಪಾಯಿ, ಅಳೆಯುವ ಸೇರು ಮಾತ್ರ ಎರಡು.

2021ರ ನಿಯಮದಲ್ಲಿ ಇನ್ನೊಂದು ಬದಲಾವಣೆ ಇದೆ. ಮೇಲುನೋಟಕ್ಕೆ ಚೆನ್ನಾಗಿ ಕಾಣುತ್ತದೆ. ದುಡ್ಡು ಕಾಲೇಜಿಗೆ ಹೋಗುವುದಿಲ್ಲ, ನೇರ ವಿದ್ಯಾರ್ಥಿಯ ಖಾತೆಗೆ. ಸುಳ್ಳು ಹೆಸರು ಸೇರಿಸಿ ನಮ್ಮ ಹಣ ನುಂಗಿದ ಖಾಸಗಿ ಕಾಲೇಜುಗಳಿದ್ದವು, ಅವುಗಳ ಬಾಯಿ ಮುಚ್ಚಿಸಬೇಕು, ಸರಿ. ಆದರೆ ದುಡ್ಡು ಬರುವ ದಾರಿ ನೋಡಿ. ರಾಜ್ಯ ಅರ್ಜಿ ಪರಿಶೀಲಿಸಿ ತನ್ನ 40 ಹಾಕಬೇಕು. ಹಾಕಿದ ಮೇಲೆ ಕೇಂದ್ರ ತನ್ನ 60 ಹಾಕುತ್ತದೆ. ರಾಜ್ಯ ತಡ ಮಾಡಿದರೆ ಎರಡೂ ತಡ. ಫೀಸು ಕೇಳುವ ಕಾಲೇಜು ಮಾತ್ರ 40 ಈಗ ಕೊಡು 60 ಆಮೇಲೆ ಕೊಡು ಅನ್ನೋದಿಲ್ಲ, ನೂರೂ ಈಗಲೇ ಇಡು ಅನ್ನುತ್ತದೆ. ಮೊದಲು ಸರ್ಕಾರ ಕಾಲೇಜಿಗೆ ಸಾಲಗಾರನಾಗಿತ್ತು. ಈಗ ಹದಿನೆಂಟು ವರ್ಷದ ಹುಡುಗಿ ಸಾಲಗಾರಳು. ಸರ್ಕಾರ ಮಾಡಿದ ಸಾಲಕ್ಕೆ ಅವಳು ಪ್ರಿನ್ಸಿಪಾಲರ ಕೋಣೆಯ ಹೊರಗೆ ಕೈಕಟ್ಟಿ ನಿಲ್ಲಬೇಕು. ಅವಳ ಅವ್ವ ಸಂಘದಲ್ಲಿ ಬಡ್ಡಿಗೆ ತಂದು ಕಟ್ಟುತ್ತಾಳೆ. ಸ್ಕಾಲರ್‌ಶಿಪ್ಪು ಬಂದಾಗ ಅಸಲಿಗೆ ಸರಿ ಹೋಗಬಹುದು, ಆ ಬಡ್ಡಿಯನ್ನು ಯಾವ ಪೋರ್ಟಲ್ಲೂ ತುಂಬಿಕೊಡುವುದಿಲ್ಲ.

ಅದೇ ನಿಯಮದಲ್ಲಿ 'ಫ್ರೀಶಿಪ್ ಕಾರ್ಡ್' ಎಂಬ ಮಾತೂ ಇದೆ. ಅರ್ಹ ವಿದ್ಯಾರ್ಥಿಗೆ ರಾಜ್ಯ ಈ ಕಾರ್ಡು ಕೊಡಬಹುದು, ಅದು ಇದ್ದವರನ್ನು ಮುಂಗಡ ಫೀಸು ಕೇಳದೆ ಸೇರಿಸಿಕೊಳ್ಳಬೇಕು, ವೇತನ ಬಂದ ಮೇಲೆ ಕಟ್ಟಿಸಿಕೊಳ್ಳಬೇಕು. ಎಷ್ಟು ಕಾಲೇಜುಗಳ ನೋಟೀಸ್ ಬೋರ್ಡಿನಲ್ಲಿ ಇದನ್ನು ನೋಡಿದ್ದೀರಿ? ಸಮವಸ್ತ್ರದ ಬಣ್ಣ, ದಂಡದ ತಾರೀಖು, ದೇವರ ಪೂಜೆಯ ವಂತಿಗೆ, ಎಲ್ಲಕ್ಕೂ ಅಲ್ಲಿ ಜಾಗವಿರುತ್ತದೆ.

ಇಲ್ಲಿ ಕೆಲವು ಗೆಳೆಯರು ಒಂದು ಮಾತು ಎತ್ತುತ್ತಾರೆ: ಶಿಕ್ಷಣವನ್ನು ಪೂರ್ತಿ ರಾಜ್ಯದ ಕೈಗೇ ಕೊಟ್ಟುಬಿಟ್ಟರೆ ಈ ಜಗ್ಗಾಟವೇ ಇರುವುದಿಲ್ಲವಲ್ಲ? ಸಂವಿಧಾನ ಬಂದಾಗ ಶಿಕ್ಷಣ ರಾಜ್ಯಪಟ್ಟಿಯಲ್ಲೇ ಇತ್ತು. ಉನ್ನತ ಶಿಕ್ಷಣದ ಮಟ್ಟ ಗೊತ್ತುಮಾಡುವ ಅಧಿಕಾರ ಮಾತ್ರ ಕೇಂದ್ರದ್ದು. 1976ರಲ್ಲಿ, ತುರ್ತು ಪರಿಸ್ಥಿತಿಯ ಕತ್ತಲಲ್ಲಿ, 42ನೇ ತಿದ್ದುಪಡಿ ಮಾಡಿ ಶಿಕ್ಷಣವನ್ನು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ಎಳೆದುಕೊಂಡರು. ಅಂದಿನಿಂದ ದಿಲ್ಲಿಯ ಕೈ ಉದ್ದವಾಗುತ್ತಲೇ ಬಂದಿದೆ. ವೈದ್ಯಕೀಯಕ್ಕೆ ಪರೀಕ್ಷೆ ದಿಲ್ಲಿಯದು, 2020ರ ಶಿಕ್ಷಣ ನೀತಿ ದಿಲ್ಲಿಯದು.

ಆದರೂ ನಾವು ತಟ್ಟನೆ ತಲೆಯಾಡಿಸುವುದು ಬೇಡ. ಊರ ಗೌಡನಿಗೆ ದಿಲ್ಲಿಗಿಂತ ಬೆಂಗಳೂರು ಹತ್ತಿರ ಅನ್ನೋದು ನಮಗೆ ಗೊತ್ತಿಲ್ಲದ್ದಲ್ಲ. ಬಾಬಾಸಾಹೇಬರು 1942ರ ಮನವಿಯನ್ನು ಇಟ್ಟದ್ದು ಕೇಂದ್ರದ ಮುಂದೆ. ಪರಿಶಿಷ್ಟರ ಶಿಕ್ಷಣದ ಹಿತವನ್ನು ವಿಶೇಷ ಕಾಳಜಿಯಿಂದ ಕಾಯಬೇಕೆಂದು ಸಂವಿಧಾನದ 46ನೇ ವಿಧಿ ಹೇಳಿದೆ. ಅದು ದಿಲ್ಲಿಗೂ ಹೇಳಿದ ಮಾತು, ಬೆಂಗಳೂರಿಗೂ ಹೇಳಿದ ಮಾತು. ನಮ್ಮ ಜಗಳ ಪಟ್ಟಿ ಯಾವುದು ಎಂಬುದಲ್ಲ. ಅಧಿಕಾರ ಬೇಕಾದಾಗ ಶಿಕ್ಷಣ ನಮ್ಮದು ಎನ್ನುವವರು ದುಡ್ಡು ಕೊಡುವಾಗ ಅದು ರಾಜ್ಯದ್ದು ಎನ್ನಬಾರದು. ನಿಯಮ ಬರೆದ ಕೈಯೇ ಚೆಕ್ಕನ್ನೂ ಮೊದಲು ಬರೆಯಲಿ.

ಬರೆಯಲು ದುಡ್ಡಿಲ್ಲವೇ? ಕೊಠಾರಿ ಆಯೋಗ 1966ರಲ್ಲೇ ದೇಶದ ಆದಾಯದ ಶೇಕಡ 6ರಷ್ಟು ಶಿಕ್ಷಣಕ್ಕೆ ಬೇಕು ಎಂದಿತು. 1968ರ ನೀತಿ ಹೂಂ ಅಂದಿತು, 2020ರ ನೀತಿಯೂ ಹೂಂ ಅಂದಿತು, ಆರು ಮಾತ್ರ ಇವತ್ತಿನವರೆಗೂ ಮುಟ್ಟಿಲ್ಲ. 2004ರಿಂದ ಶಿಕ್ಷಣದ ಹೆಸರಿನಲ್ಲೇ ಬೇರೆ ಸೆಸ್ಸು ಎತ್ತುತ್ತಿದ್ದಾರೆ. ಮೊದಲ ಹತ್ತು ವರ್ಷ ಅದು ಅಬಕಾರಿ ಸುಂಕದ ಮೇಲೂ ಇತ್ತು, ಅಂದರೆ ಕೂಲಿ ಮುಗಿಸಿ ಬಂದ ಅವ್ವ ಕೊಂಡ ಸೋಪಿನಲ್ಲೂ ಅದರ ಕಾಸು ಸೇರಿತ್ತು. ಸೆಸ್ಸಿನ ಹಣವನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಲ್ಲ, ಅದು ಪೂರ್ತಿ ಕೇಂದ್ರದ ಪೆಟ್ಟಿಗೆಗೆ. 1927ರಲ್ಲಿ ಎತ್ತಿದ ಪ್ರಶ್ನೆ ನೂರು ವರ್ಷ ತುಂಬುವ ಹೊತ್ತಿಗೂ ಹಳಸಿಲ್ಲ.

ಅವರು ದುಡ್ಡು ಹಿಡಿಯುವುದಷ್ಟೇ ಅಲ್ಲ, ಏನು ಓದಬೇಕು ಅನ್ನುವುದನ್ನೂ ಹಿಡಿಯುತ್ತಿದ್ದಾರೆ. ಹೊರದೇಶದಲ್ಲಿ ಓದುವ ಪರಿಶಿಷ್ಟರಿಗೆ ಕೊಡುವ ರಾಷ್ಟ್ರೀಯ ಸಾಗರೋತ್ತರ ವೇತನದಲ್ಲಿ 2022ರಲ್ಲಿ ಒಂದು ಹೊಸ ಷರತ್ತು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲೆ ಸಂಶೋಧನೆ ಮಾಡುವವರಿಗೆ ಅದು ಸಿಗುವುದಿಲ್ಲ. ನ್ಯೂಯಾರ್ಕಿನಲ್ಲಿ ಕೂತು 1916ರಲ್ಲಿ ಭಾರತದ ಜಾತಿಗಳ ಹುಟ್ಟಿನ ಮೇಲೆ ಪ್ರಬಂಧ ಓದಿದ ಒಬ್ಬ ವಿದ್ಯಾರ್ಥಿ ಇದ್ದ. ಬರೋಡದ ಮಹಾರಾಜರ ವೇತನದಲ್ಲಿ ಹೋದವನು. ಇವತ್ತಿನ ನಿಯಮದಲ್ಲಿ ಆ ವಿಷಯ ಇಟ್ಟುಕೊಂಡು ಅರ್ಜಿ ಹಾಕಿದರೆ ತಿರಸ್ಕೃತ. ಅವನ ಹೆಸರು ನಾವು ಹೇಳಬೇಕಾಗಿಲ್ಲ, ನಿಮ್ಮ ಹಾಸ್ಟೆಲಿನ ಗೋಡೆ ಮೇಲೆ ಪಟ ಇದೆ.

ಮತ್ತೆ ರೋಹಿತ್ ವೇಮುಲ. ಹೈದರಾಬಾದಿನ ಆ ವಿಶ್ವವಿದ್ಯಾಲಯ ಕೇಂದ್ರದ್ದೇ. 2016ರ ಜನವರಿಯಲ್ಲಿ ಅವನು ಬಿಟ್ಟುಹೋದ ಪತ್ರವನ್ನು ನಕ್ಷತ್ರದ ಮಾತಿಗಾಗಿ ಎಲ್ಲರೂ ನೆನೆಯುತ್ತಾರೆ. ಅದರಲ್ಲಿ ಒಂದು ಲೆಕ್ಕವೂ ಇದೆ. ಏಳು ತಿಂಗಳ ಫೆಲೋಶಿಪ್, 1 ಲಕ್ಷ 75 ಸಾವಿರ ರೂಪಾಯಿ, ತನಗೆ ಬರಬೇಕಾದ್ದು ಬಂದಿಲ್ಲ, ಮನೆಯವರಿಗೆ ತಲುಪಿಸಿ ಎಂದು ಬರೆದಿದ್ದ. ಸಾಯುವ ಹೊತ್ತಿನಲ್ಲೂ ಬಾಕಿಯ ಲೆಕ್ಕ ಬರೆಯಬೇಕಾಯಿತು ನಮ್ಮ ಹುಡುಗ.

ದಿಲ್ಲಿಯನ್ನು ಬೈದು ಬೆಂಗಳೂರನ್ನು ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. 40 ಹಾಕಬೇಕಾದ ಕರ್ನಾಟಕ ಸರ್ಕಾರದ ಬಳಿ ನಮ್ಮ ಹೆಸರಿನ ದುಡ್ಡೇ ಇದೆ. ಬಜೆಟ್ಟಿನಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಪಾಲನ್ನು ನಮಗೇ ಎತ್ತಿಡಬೇಕೆಂದು 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಆಯಿತು. ದೇಶಕ್ಕೆ ಮಾದರಿ ಎಂದು ಬೆನ್ನು ತಟ್ಟಿಕೊಂಡರು. 2023-24ರಲ್ಲಿ ಅದೇ ಹಣದಿಂದ 11 ಸಾವಿರ ಕೋಟಿಗೂ ಮಿಕ್ಕಿ ತೆಗೆದು ಗ್ಯಾರಂಟಿ ಯೋಜನೆಗಳಿಗೆ ತೋರಿಸಿದರು. ಬಸ್ಸಿನಲ್ಲಿ ನಿಮ್ಮವರೂ ಓಡಾಡ್ತಾರಲ್ಲ ಎನ್ನುವುದು ಅವರ ಸಮರ್ಥನೆ. ಓಡಾಡ್ತಾರೆ ಸ್ವಾಮಿ, ಎಲ್ಲರ ಹಾಗೆ ಓಡಾಡ್ತಾರೆ. ಎಲ್ಲರಿಗೂ ಕೊಡುವುದನ್ನು ಎಲ್ಲರ ದುಡ್ಡಿಂದ ಕೊಡಿ. ನಮ್ಮ ಎಲೆಗೆ ಬಡಿಸಿದ್ದನ್ನೇ ತೆಗೆದು ಪಂಕ್ತಿಗೆಲ್ಲ ಹಂಚಿ, ನಿನಗೂ ಒಂದು ತುತ್ತು ಬಂತಲ್ಲ ಎಂದರೆ ಹೇಗೆ?

ನಾವು ಕೇಳುವುದೇನೂ ಆಕಾಶಕ್ಕೆ ಏಣಿ ಹಾಕುವಂಥದ್ದಲ್ಲ. ಕೇಂದ್ರ ರಾಜ್ಯಕ್ಕಾಗಿ ಕಾಯದೆ ತನ್ನ 60ನ್ನು ಪ್ರವೇಶದ ತಿಂಗಳಲ್ಲೇ ಹಾಕಲಿ, ರಾಜ್ಯದೊಂದಿಗಿನ ಲೆಕ್ಕವನ್ನು ಆಮೇಲೆ ಅವರವರೇ ತೀರಿಸಿಕೊಳ್ಳಲಿ. ಪಾಲು ತಡವಾದರೆ ಬಡ್ಡಿ ಸರ್ಕಾರ ಕಟ್ಟಲಿ. ಆದಾಯದ ಮಿತಿಯನ್ನು ಎಂಟು ಲಕ್ಷಕ್ಕೆ ಏರಿಸಲಿ, ಮೇಲಿನವರ ಬಡತನಕ್ಕೆ ಇರುವ ಅಳತೆ ನಮಗೂ ಇರಲಿ. ಭತ್ಯೆ ಹತ್ತು ವರ್ಷಕ್ಕೊಮ್ಮೆ ಅಲ್ಲ, ನೌಕರರ ತುಟ್ಟಿಭತ್ಯೆ ಏರಿದಾಗೆಲ್ಲ ಏರಲಿ. ಫೀಸು ಬಾಕಿ ಎಂದು ಹಾಲ್‌ಟಿಕೆಟ್ಟು, ಟಿಸಿ, ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವ ಕಾಲೇಜಿನ ಮೇಲೆ ಕೇಸು ಬೀಳಲಿ.

ಇದಕ್ಕೆ ಲೆಕ್ಕ ಬೇಕು, ಲೆಕ್ಕ ನಿಮ್ಮ ಕೈಲಿದೆ. ಈ ಸಂಚಿಕೆ ಕೈಗೆ ಸಿಕ್ಕ ವಾರವೇ ಪ್ರತಿ ಹಾಸ್ಟೆಲಿನಲ್ಲೂ ಒಂದು ನೋಟ್‌ಬುಕ್ ತೆರೆಯಿರಿ. ಕೋರ್ಸು, ಅರ್ಜಿ ಹಾಕಿದ ದಿನ, ರಾಜ್ಯದ ಪಾಲು ಬಂದ ದಿನ, ಕೇಂದ್ರದ ಪಾಲು ಬಂದ ದಿನ, ಕೈಯಿಂದ ಕಟ್ಟಿದ್ದು ಎಷ್ಟು, ಸಾಲ ತಂದಿದ್ದರೆ ಬಡ್ಡಿ ಎಷ್ಟು. ಹೆಸರು ಬರೆಯಲು ಹೆದರುವವರು ಬರೀ ಕೋಣೆ ನಂಬರು ಹಾಕಲಿ. ಓದು ಬಿಟ್ಟು ಹೋದ ಗೆಳೆಯರಿದ್ದರೆ ಅವರ ಊರಿಗೆ ಫೋನು ಮಾಡಿ ಅವರದ್ದನ್ನೂ ಸೇರಿಸಿ, ಮರೆಯಬೇಡಿ. ಸಮಾಜ ಕಲ್ಯಾಣ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರು, 150 ಪದ ಮೀರದಂತೆ: ನಮ್ಮ ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ಬಂತು, ಎಷ್ಟಕ್ಕೆ 40 ಹೋಯಿತು, ಎಷ್ಟಕ್ಕೆ 60 ಬಂತು, ಫ್ರೀಶಿಪ್ ಕಾರ್ಡು ಎಷ್ಟು ಜನಕ್ಕೆ ಕೊಟ್ಟಿರಿ. ನೋಟ್‌ಬುಕ್ಕು, ಇಲಾಖೆಯ ಉತ್ತರ, ಎರಡನ್ನೂ ಮುಂದಿನ ಜಿಲ್ಲಾ ಸಭೆಗೆ ತನ್ನಿ. ಸಂಸತ್ ಸದಸ್ಯರ ಮನೆಗೆ ಹೋಗುವ ದಿನ ಅಲ್ಲೇ ಗೊತ್ತು ಮಾಡೋಣ. ಬಸ್ ಚಾರ್ಜಿಗೆ ಕಷ್ಟವಿದ್ದವರು ಮೊದಲೇ ತಿಳಿಸಿ.

ಜೈಭೀಮ್.